ಮಗುವಿನ ಹೆಸರು ಗೂಗಲ್, ಹೈಕೋರ್ಟ್! ಈ ಫಾರ್ವರ್ಡ್ ನಿಜವೇ?

‘ಕರ್ನಾಟಕದ ಈ ಊರಲ್ಲಿ ಕಾಫಿ, ಗೂಗಲ್, ಹೈಕೋರ್ಟ್, ಮೈಸೂರು ಪಾಕ್ ಎಲ್ಲವೂ ಮನುಷ್ಯರ ಹೆಸರು’ ಎಂಬ ಸಂದೇಶ ನಗುವ ಎಮೋಜಿ ಹೊತ್ತು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇದು ನಿಜವೇ?

ಹೌದು, ನಿಜ. ಬಿಡದಿ ಸಮೀಪದ ಭದ್ರಾಪುರದ ಹಕ್ಕಿಪಿಕ್ಕಿ ಸಮುದಾಯದಲ್ಲಿ ಇಂಥ ಹೆಸರುಗಳಿವೆ.

ಏಕೆ ಇಂಥ ಹೆಸರು?

ಹಕ್ಕಿಪಿಕ್ಕಿಗಳು ಹಕ್ಕಿ ಹಿಡಿಯುತ್ತ ಕಾಡುಮೇಡು ಅಲೆಯುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಗೆ ತಡೆ ಬಿತ್ತು. ಒಂದೆಡೆ ನೆಲೆಸಿ, ಊರೂರು ಸುತ್ತಿ ವ್ಯಾಪಾರ ಮಾಡುತ್ತ ಹೋದಂತೆ, ಹೊಸದಾಗಿ ಕಂಡದ್ದು, ಕೇಳಿದ್ದು, ಇಷ್ಟವಾದದ್ದು ಮಗುವಿನ ಹೆಸರಾಯಿತು.

ನಮ್ಮಲ್ಲೂ ಇತ್ತಲ್ಲ!

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ಕೆಟ್ಟ ಕಣ್ಣು ಬೀಳದಿರಲೆಂದು ನಮ್ಮ ಹಿರಿಯರು ‘ತಿಪ್ಪ’ ಎಂದು ಹೆಸರಿಡುತ್ತಿದ್ದರು. ಕೇಳುವವರಿಗೆ ಅದು ತಿಪ್ಪೆ, ಹೆತ್ತವರಿಗೆ ಮಗುವಿನ ಜೀವ.

ಹಾಗಾದರೆ ಯಾವ ಹೆಸರು ನೋಯಿಸುತ್ತದೆ?

ಮಹಾರಾಷ್ಟ್ರದಲ್ಲಿ ಗಂಡುಮಗುವನ್ನೇ ಬಯಸಿದ್ದ ಕೆಲವು ಮನೆಗಳು ಹೆಣ್ಣುಕೂಸಿಗೆ ‘ನಕೋಶಿ’, ಅಂದರೆ ‘ಬೇಡವಾದವಳು’ ಎಂದು ಹೆಸರಿಟ್ಟಿದ್ದವು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭ ನಡೆಸಿ 285 ಹುಡುಗಿಯರಿಗೆ ಹೊಸ ಹೆಸರು ಕೊಡಲಾಯಿತು. ವಿಚಿತ್ರವೆನಿಸುವ ಹೆಸರು ಬೇರೆ, ಮಗುವನ್ನು ಹಳಿಯುವ ಹೆಸರು ಬೇರೆ. ಗೂಗಲ್ ಎಂಬ ಹೆಸರಲ್ಲಿ ಅಕ್ಕರೆಯಿದೆ, ನಕೋಶಿಯಲ್ಲಿ ಅದಿಲ್ಲ.

ನೀವೇನು ಮಾಡಬಹುದು?

ವಿಷಯ ನಿಜವೆಂದ ಮಾತ್ರಕ್ಕೆ ಗೇಲಿ ಸರಿಯಲ್ಲ. ಯಾರದೋ ಆಧಾರ್ ಕಾರ್ಡ್ ಅಥವಾ ಮಗುವಿನ ಫೋಟೊ ಸಮೇತ ಇಂಥ ಸಂದೇಶ ಬಂದರೆ ನಿಮ್ಮಲ್ಲಿಗೇ ನಿಲ್ಲಿಸಿ. ಆ ಮಗು ನಾಳೆ ಶಾಲೆಯಲ್ಲಿ ಹಾಜರಿ ಕೂಗುವಾಗ ಅದೇ ಹೆಸರಿಗೆ ಎದ್ದು ನಿಲ್ಲಬೇಕು.