ನಾಣ್ಯದ ಮೇಲಿನ ಮುಖ

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಯೊಂದಿದ್ದರೆ ತೆಗೆದು ನೋಡಿರಿ. ಅದರ ಮೇಲಿನ ರಾಣಿಯಾಗಲಿ ದೊರೆಯಾಗಲಿ ನಮ್ಮ ಕಡೆಗೆ ನೋಡುತ್ತಿರುವುದಿಲ್ಲ; ಮುಖವು ಪಕ್ಕಕ್ಕೆ ತಿರುಗಿರುತ್ತದೆ. ಪ್ರಾಚೀನ ಗ್ರೀಕರ ನಾಣ್ಯಗಳಲ್ಲಿಯೂ ಹೆಚ್ಚಿನ ಮುಖಗಳು ಹೀಗೆಯೇ ಇವೆ. ಇದಕ್ಕೆ ಒಂದು ಕಾರಣವನ್ನು ನಾಣ್ಯವು ಸಿದ್ಧವಾಗುವ ಬಗೆಯಲ್ಲಿಯೇ ಕಾಣಬಹುದು.

ಗ್ರೀಕರ ಟಂಕಸಾಲೆಯಲ್ಲಿ ಯಂತ್ರಗಳಿರಲಿಲ್ಲ. ಕಂಚಿನ ಅಥವಾ ಕಬ್ಬಿಣದ ಎರಡು ಅಚ್ಚುಗಳು ಮತ್ತು ಸುತ್ತಿಗೆ, ಇವೇ ಮುಖ್ಯ ಸಲಕರಣೆಗಳು. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಅದರ ಮೇಲೆ ತೂಕಮಾಡಿದ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಇನ್ನೊಂದು ಅಚ್ಚನ್ನು ಮೇಲೆ ಹಿಡಿದು ಬಡಿಯುತ್ತಿದ್ದರು. ಅಚ್ಚಿನಲ್ಲಿ ತಗ್ಗಾದುದು ನಾಣ್ಯದಲ್ಲಿ ಉಬ್ಬಾಗುವುದು, ಎಡವು ಬಲವಾಗುವುದು. ಆದುದರಿಂದ ಕೆತ್ತನೆಗಾರನು ಎಲ್ಲವನ್ನೂ ತಿರುಗುಮುರುಗಾಗಿಯೇ ಕಲ್ಪಿಸಿಕೊಂಡು ಕೊರೆಯಬೇಕಾಗಿದ್ದಿತು.

ಪಕ್ಕದಿಂದ ಕಂಡ ಮುಖದಲ್ಲಿ ಮೂಗು ಅಂಚಿನ ಒಂದು ರೇಖೆ ಮಾತ್ರ. ಎದುರುಮುಖದಲ್ಲಾದರೋ ಅದೇ ಅತ್ಯಂತ ಎತ್ತರದ ಭಾಗ; ಎಂದರೆ ಅಚ್ಚಿನಲ್ಲಿ ಅತ್ಯಂತ ಆಳವಾದ ಕುಳಿ. ಪೆಟ್ಟು ಸಾಲದಿದ್ದರೆ ಬೆಳ್ಳಿಯು ಆ ಕುಳಿಯ ತಳವನ್ನು ಮುಟ್ಟದು. ಮುಟ್ಟಿದರೂ, ನಾಣ್ಯವು ಕೈಯಿಂದ ಕೈಗೆ ಸಾಗುವಾಗ ಮೊದಲು ಸವೆಯುವುದು ಮೂಗೇ.

ಇಷ್ಟು ತೊಡಕಿದ್ದರೂ, ಕ್ರಿ. ಪೂ. 5ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದ ಕಿಮೋನ್ ಎಂಬ ಕೆತ್ತನೆಗಾರನು ಎದುರುಮುಖವನ್ನು ಕೊರೆದನು. ಅದು ಆ ಊರಿನ ಚಿಲುಮೆಯ ದೇವತೆಯಾದ ಅರೆಥೂಸಾಳ ಮುಖ. ನಾಲ್ಕು ದ್ರಾಕ್ಮ ಬೆಲೆಯ ಆ ಬೆಳ್ಳಿಯ ನಾಣ್ಯದ ತೂಕ ಸುಮಾರು 17 ಗ್ರಾಂ; ಅಗಲ ಸುಮಾರು ಎರಡೂವರೆ ಸೆಂಟಿಮೀಟರು. ಅಷ್ಟು ಕಿರಿದಾದ ಬಿಲ್ಲೆಯ ಮೇಲೆ ದೇವಿಯ ಕೂದಲು ನೀರಿನಲ್ಲಿ ತೇಲುವಂತೆ ಹರಡಿಕೊಂಡಿದೆ. ಅದರ ನಡುವೆ ಡಾಲ್ಫಿನ್‌ಗಳು ಈಜುತ್ತಿವೆ. ಮುಖವು ತುಸುವೇ ಓರೆಯಾಗಿದೆ. ಹಣೆಯ ಮೇಲಿನ ಪಟ್ಟಿಯಲ್ಲಿ, ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಅಕ್ಷರಗಳಲ್ಲಿ, ಕಿಮೋನನು ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ನಾಣ್ಯಕ್ಕೆ ಊರಿನ ಹೆಸರೇ ಸಾಕಾಗಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಂಗತಿಯಲ್ಲ.

ಈ ಮುಖದ ಕೀರ್ತಿ ಸಮುದ್ರವನ್ನು ದಾಟಿತು. ಗ್ರೀಸಿನ ಲಾರಿಸ್ಸಾದಲ್ಲಿಯೂ ಏಷ್ಯಾ ಮೈನರಿನ ಟಾರ್ಸಸ್ಸಿನಲ್ಲಿಯೂ ಕೆತ್ತನೆಗಾರರು ಇದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಅಚ್ಚುಗಳನ್ನು ಕೊರೆದರು. ಆದರೂ ದಿನಬಳಕೆಗೆ ಅನುಕೂಲವಾದುದು ಪಕ್ಕದ ಮುಖವೇ. ಮುಂದಿನ ಟಂಕಸಾಲೆಗಳು ಬಹುಮಟ್ಟಿಗೆ ಅದನ್ನೇ ಉಳಿಸಿಕೊಂಡವು. ಸವೆಯಲೆಂದೇ ಹುಟ್ಟುವ ವಸ್ತುವಿನ ಮೇಲೆ, ಮೊದಲು ಸವೆಯುವ ಭಾಗವನ್ನೇ ಕಿಮೋನನು ಅಷ್ಟು ಶ್ರಮದಿಂದ ಕೊರೆದನು. ಕೈಬಳಕೆಯಿಂದ ಬೇಗನೆ ತಪ್ಪಿಸಿಕೊಂಡ ಕೆಲವು ನಾಣ್ಯಗಳಲ್ಲಿ ಅರೆಥೂಸಾಳು ಇಂದಿಗೂ ಪೂರ್ಣವಾಗಿ ನಮ್ಮನ್ನು ನೋಡುತ್ತಾಳೆ.