ದೇಶ ಸುತ್ತಲು ಜೇಬಿನಲ್ಲೆಷ್ಟಿರಬೇಕು?

"ಅಪ್ಪಾ, ಈ ಸಲ ರಜಕ್ಕೆ ಊರಿಗೆ ಬರಲ್ಲ. ಫ್ರೆಂಡ್ಸ್ ಜೊತೆ ಹದಿನೈದು ದಿನ ಯೂರೋಪ್ ಸುತ್ತಿ ಬರ್ತೀನಿ."

"ಓದೋಕೆ ಅಂತ ಸಾಲ ಮಾಡಿ ಕಳಿಸಿದ್ದು ಕಣೋ. ಊರು ಸುತ್ತೋಕಲ್ಲ."

ಹಾಸನವಿರಲಿ, ದಾವಣಗೆರೆಯಿರಲಿ, ಬೆಂಗಳೂರಿನ ವಿಜಯನಗರವೇ ಇರಲಿ, ಮಗನನ್ನೋ ಮಗಳನ್ನೋ ಎಂ.ಎಸ್. ಓದಲು ಜರ್ಮನಿಗೆ ಕಳಿಸಿದ ಮನೆಗಳಲ್ಲಿ ಇಂಥ ಮಾತುಕತೆ ಒಂದಲ್ಲ ಒಂದು ದಿನ ನಡೆದೇ ತೀರುತ್ತದೆ. ತಂದೆಯ ಕಣ್ಣೆದುರು ಬ್ಯಾಂಕಿನ ಕಂತು, ಮಗನ ಕಣ್ಣೆದುರು ಬೆನ್ನಿಗೊಂದು ಚೀಲ ಮತ್ತು ರೈಲ್ವೆ ನಕಾಶೆ. ಇಬ್ಬರೂ ಹೇಳುವುದರಲ್ಲಿ ನ್ಯಾಯವಿದೆ. ನಡುವೆ ಇಲ್ಲದಿರುವುದು ಒಂದೇ, ಕಾಗದದ ಮೇಲೆ ಬರೆದ ಲೆಕ್ಕ.

ತಂದೆಯ ಭಯಕ್ಕೆ ಗಟ್ಟಿಯಾದ ಕಾರಣವೇ ಇದೆ. ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಊಟ-ವಸತಿಯ ಹಣವನ್ನು 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಮುಂಚಿತವಾಗಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಕೈಗೆ ಸಿಗುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಬಾಡಿಗೆ, ವಿಮೆ, ಊಟ ಕಳೆದರೆ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ವಾಸದ ಪರವಾನಗಿಯನ್ನು ನವೀಕರಿಸುವಾಗ ಮುಂದಿನ ದಿನಗಳ ಖರ್ಚಿಗೆ ಹಣವಿದೆಯೆಂದು ಮತ್ತೆ ತೋರಿಸಬೇಕು. ತಿರುಗಾಟಕ್ಕೆಂದು ಈ ಗಂಟಿಗೆ ಕೈಹಾಕಿದರೆ ಮುಟ್ಟುವ ಪೆಟ್ಟು ಮೋಜಿಗಲ್ಲ, ಓದಿಗೇ. ಆದ್ದರಿಂದ ಮೊದಲ ಷರತ್ತು ಇಷ್ಟು: ಪ್ರವಾಸದ ಹಣ ಬೇರೆ, ಬದುಕಿನ ಹಣ ಬೇರೆ.

ಹಾಗಾದರೆ ಪ್ರವಾಸದ ಹಣ ಬರುವುದೆಲ್ಲಿಂದ? ಅಲ್ಲಿನ ಕಾನೂನು ಹೊರದೇಶದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶ ಕೊಡುತ್ತದೆ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಹೋಟೆಲಿನಲ್ಲಿ ತಟ್ಟೆ ತೊಳೆದೋ ಗೋದಾಮಿನಲ್ಲಿ ಡಬ್ಬ ಜೋಡಿಸಿಯೋ ಅರವತ್ತೈದು ಗಂಟೆ ದುಡಿದರೆ ಸುಮಾರು 900 ಯೂರೋ ಆಗುತ್ತದೆ. ಈ ಒಂಬೈನೂರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಸದ ಪರವಾನಗಿ ಎಂಬ ಚೀಟಿ

ಅಲ್ಲಿ ಓದುತ್ತಿರುವವರಿಗೂ ಇಲ್ಲಿಂದ ಹೊರಡುವವರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಬೇರೆ ದೇಶಗಳಲ್ಲಿ, ಯಾವುದೇ 180 ದಿನಗಳಲ್ಲಿ 90 ದಿನದವರೆಗೆ, ಬೇರೆ ವೀಸಾ ಇಲ್ಲದೆ ತಿರುಗಬಹುದು. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ ಸಹಿಯಾದ ಈ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಕ್ರೊಯೇಷಿಯಾ 2023ರಲ್ಲಿ ಸೇರಿತು. ರುಮೇನಿಯಾ, ಬಲ್ಗೇರಿಯಾಗಳ ನೆಲದ ಗಡಿಗಳೂ 2025ರ ಜನವರಿಯಿಂದ ತೆರೆದುಕೊಂಡಿವೆ. ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ. ಲಂಡನ್ ನೋಡುವ ಆಸೆಯಿದ್ದರೆ ಆ ವೀಸಾದ ಖರ್ಚು ಬೇರೆ, ಅದನ್ನು ಸದ್ಯಕ್ಕೆ ಬದಿಗಿಡುವುದೇ ಲೇಸು.

ಬೆಂಗಳೂರಿನಿಂದಲೇ ಹೊರಡುವ ವಿದ್ಯಾರ್ಥಿಗೆ 90 ಯೂರೋ ವೀಸಾ ಶುಲ್ಕ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ, ಇವೆಲ್ಲ ಸೇರುತ್ತವೆ. ಹೆಚ್ಚು ದಿನ ಉಳಿಯುವುದು ಯಾವ ದೇಶದಲ್ಲೋ ಅಲ್ಲಿಗೇ ಅರ್ಜಿ ಹಾಕಬೇಕು. ಕೈಯಲ್ಲಿ ಹಣವಿದೆಯೆಂದೂ ತೋರಿಸಬೇಕು. ಫ್ರಾನ್ಸ್ ಆದರೆ ಹೋಟೆಲ್ ಕಾಯ್ದಿರಿಸಿದವರಿಗೆ ದಿನಕ್ಕೆ 65 ಯೂರೋ, ಕಾಯ್ದಿರಿಸದವರಿಗೆ 120 ಯೂರೋ ಎಂದು ಲೆಕ್ಕ ಹಾಕುತ್ತದೆ. ಜೊತೆಗೆ ವಿಮಾನದ ಟಿಕೆಟ್ಟು. ಹದಿನೈದು ದಿನದ ಸುತ್ತಾಟಕ್ಕೆ ನೆಲದ ಮೇಲಿನ ಖರ್ಚು ಎಷ್ಟೋ ಆಕಾಶದ ಖರ್ಚೂ ಸುಮಾರಾಗಿ ಅಷ್ಟೇ ಆಗಿಬಿಡುತ್ತದೆ. ಅಂದಮೇಲೆ ಅಲ್ಲಿ ಓದುತ್ತಿರುವಾಗಲೇ ಸುತ್ತಿಬಿಡಬೇಕು ಎನ್ನುವ ಮಗನ ವಾದದಲ್ಲಿ ಹುರುಳಿಲ್ಲ ಎನ್ನಲಾದೀತೆ?

ಪಾಸು ಕೊಂಡರೆ ಪಾಸಾದಂತಲ್ಲ

ಯೂರೋಪ್ ಸುತ್ತುವುದೆಂದರೆ ರೈಲು ಪಾಸು ಕೊಳ್ಳುವುದು ಎಂಬ ನಂಬಿಕೆ ಬಹಳ ಹಳೆಯದು. ಯೂರೋಪಿನಾಚೆಯವರಿಗೆಂದು 1959ರಲ್ಲಿ 'ಯೂರೇಲ್' ಪಾಸು ಬಂತು. ಅಲ್ಲಿನ ಹುಡುಗ ಹುಡುಗಿಯರಿಗೆಂದು 1972ರಲ್ಲಿ 'ಇಂಟರ್‌ರೇಲ್' ಬಂತು. ಯೂರೋಪಿನಲ್ಲಿ ವಾಸವಿರುವ ನಮ್ಮ ವಿದ್ಯಾರ್ಥಿ ಪಾಸ್‌ಪೋರ್ಟಿನಲ್ಲಿ ಭಾರತೀಯನಾದರೂ ಕೊಳ್ಳಬೇಕಾದ್ದು ಇಂಟರ್‌ರೇಲ್. 27 ವರ್ಷದವರೆಗೆ ರಿಯಾಯಿತಿಯೂ ಉಂಟು. ಆದರೆ ಪಾಸು ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲ ರೈಲೂ ನಮ್ಮದಾಗುವುದಿಲ್ಲ. ಜರ್ಮನಿ, ಆಸ್ಟ್ರಿಯಾಗಳ ಹಗಲು ರೈಲುಗಳಲ್ಲಿ ಸಾಮಾನ್ಯವಾಗಿ ನೇರ ಹತ್ತಿ ಕೂರಬಹುದು. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಿಗೆ ಪಾಸಿನ ಮೇಲೂ ಆಸನದ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ ಹತ್ತು ಯೂರೋಗೆ ಶುರುವಾಗಿ ಕೆಲವು ರೈಲುಗಳಲ್ಲಿ ಮೂವತ್ತನ್ನೂ ದಾಟುವ ಈ ಶುಲ್ಕ ನಾಲ್ಕು ಸಲ ಬಿದ್ದರೆ ಬಜೆಟ್ಟಿಗೆ ತೂತು.

ಲೆಕ್ಕಕ್ಕೆ ಒಂದು ದಾರಿ ಹಿಡಿಯೋಣ. ಮ್ಯೂನಿಕ್‌ನಿಂದ ಹೊರಟು ಸಾಲ್ಜ್‌ಬರ್ಗ್, ವಿಯೆನ್ನಾ, ಬುಡಾಪೆಸ್ಟ್, ಕ್ರಾಕೋವ್, ಪ್ರಾಗ್ ನೋಡಿ ಮ್ಯೂನಿಕ್‌ಗೆ ವಾಪಸು. ನಾಲ್ಕು ದೇಶ, ಐದು ಊರು, ಹದಿನೈದು ದಿನ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ 'ಡಾಯ್ಚ್‌ಲಾಂಡ್ ಟಿಕೆಟ್' ಎಂಬ ತಿಂಗಳ ಪಾಸಿದೆ, 2026ರಲ್ಲಿ ಅದು 63 ಯೂರೋ ಆಗಿದೆ. ವೇಗದ ರೈಲಿಗೆ ಅದು ನಡೆಯದು, ಊರೂರಿಗೆ ನಿಲ್ಲುವ ರೈಲಿಗೆ ನಡೆಯುತ್ತದೆ. ಗಡಿ ದಾಟಿ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ ಎನ್ನುವುದು ಮ್ಯೂನಿಕ್‌ನ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಗುಟ್ಟು. ಕಾಲೇಜಿಗೆ ಹೋಗಿಬರಲು ಹೇಗೂ ಇಂಥ ಪಾಸು ಇಟ್ಟುಕೊಂಡವರಿಗೆ ಮೊದಲ ಹೆಜ್ಜೆ ಪುಕ್ಕಟೆ. ಉಳಿದ ಐದು ಪ್ರಯಾಣಗಳನ್ನು ಐದಾರು ವಾರ ಮುಂಚೆ ಕಾಯ್ದಿರಿಸಿದರೆ ತಲಾ 20ರಿಂದ 30 ಯೂರೋ, ಒಟ್ಟು 130ರ ಒಳಗೆ ಮುಗಿಸಬಹುದು. ಏಳು ಪ್ರಯಾಣದ ದಿನಗಳ ಇಂಟರ್‌ರೇಲ್ ಪಾಸಿಗೆ ಯುವಜನರ ದರದಲ್ಲೂ ಮುನ್ನೂರರ ಆಸುಪಾಸು ಬೇಕು. ಈ ದಾರಿಗೆ ಪಾಸು ದಂಡ. ಇವತ್ತು ಎಲ್ಲಿರುತ್ತೇವೆ, ನಾಳೆ ಎಲ್ಲಿಗೆ ಹೋಗುತ್ತೇವೆ ಎಂದು ಗೊತ್ತಿಲ್ಲದೆ ದೂರ ದೂರ ಹಾರುವವರಿಗೆ ಮಾತ್ರ ಅದು ಲಾಭ.

ಅಗ್ಗದ ವಿಮಾನಗಳ ಮಾತೂ ಬರುತ್ತದೆ. ಟಿಕೆಟ್ 20 ಯೂರೋ ಎಂದು ಹಿಗ್ಗಿದವರು ಸೀಟಿನ ಕೆಳಗೆ ಹಿಡಿಯುವ ಪುಟ್ಟ ಚೀಲಕ್ಕಷ್ಟೇ ಆ ಬೆಲೆ ಎಂಬುದನ್ನು ವಿಮಾನ ನಿಲ್ದಾಣದಲ್ಲಿ ತಿಳಿಯುತ್ತಾರೆ. ನಿಲ್ದಾಣವೂ ಎಷ್ಟೋ ಸಲ ಊರಿನಿಂದ ಮೈಲಿಗಟ್ಟಲೆ ದೂರ. ಬಸ್ಸಿನ ಖರ್ಚು ಸೇರಿಸಿದರೆ ರೈಲೇ ವಾಸಿ.

ಮೇಷ್ಟ್ರು ಕಟ್ಟಿದ ಮಲಗುವ ಮನೆ

ಮಲಗಲು ಹಾಸ್ಟೆಲ್ ಇದೆ. ನಮ್ಮಲ್ಲಿ ಹಾಸ್ಟೆಲ್ ಎಂದರೆ ವಾರ್ಡನ್, ಸಾರು, ಹಾಜರಿ ನೆನಪಾಗುತ್ತದೆ. ಅಲ್ಲಿನದು ದಾರಿಹೋಕರ ತಂಗುದಾಣ. ಅದರ ಹುಟ್ಟಿನ ಕತೆ ಚೆನ್ನಾಗಿದೆ. ರಿಚರ್ಡ್ ಷಿರ್‌ಮನ್ ಎಂಬ ಜರ್ಮನ್ ಶಾಲಾ ಮೇಷ್ಟ್ರು 1909ರ ಆಗಸ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯ ಪ್ರವಾಸ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿದು ಹಳ್ಳಿಯೊಂದರ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜದಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ಮಕ್ಕಳಿಗೆ ತಂಗಲು ಕೊಟ್ಟರೇನು ಎಂದು ಅವರಿಗೆ ಅನ್ನಿಸಿದ್ದು ಆ ರಾತ್ರಿಯೇ. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ದುಡ್ಡಿಲ್ಲದ ಮಕ್ಕಳೂ ದೇಶ ನೋಡಲಿ ಎನ್ನುವುದೇ ಅವರ ಉದ್ದೇಶವಾಗಿತ್ತು.

ಇಂದು ಆರು, ಎಂಟು, ಹತ್ತು ಮಂಚಗಳ ಕೋಣೆಯಲ್ಲಿ ಒಂದು ಮಂಚಕ್ಕೆ ಬುಡಾಪೆಸ್ಟ್, ಕ್ರಾಕೋವ್‌ಗಳಲ್ಲಿ 15ರಿಂದ 20 ಯೂರೋ, ವಿಯೆನ್ನಾದಲ್ಲಿ 30ರ ಮೇಲೆ ಹಿಡಿಯಬೇಕು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್ ಎಂದರೆ 45 ಎನ್ನಿ. ನಮ್ಮ ದಾರಿಯಲ್ಲಿ ಎರಡು ರಾತ್ರಿ ಬಸ್ಸಿನಲ್ಲೇ ಕಳೆದರೆ ಹನ್ನೆರಡು ರಾತ್ರಿಗೆ ಸರಾಸರಿ 25ರಂತೆ 300 ಯೂರೋ. ಎರಡು ರಾತ್ರಿಗಿಂತ ಹೆಚ್ಚು ಬಸ್ಸಿನಲ್ಲಿ ಉಳಿಸಲು ಹೋಗಬಾರದು. ಮರುದಿನ ಊರು ನೋಡುವ ಬದಲು ಪಾರ್ಕಿನ ಬೆಂಚಿನಲ್ಲಿ ತೂಕಡಿಸಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆ ಇರುವ ಹಾಸ್ಟೆಲ್‌ಗಳು ಸಾಕಷ್ಟಿವೆ, ನಾಲ್ಕೈದು ಯೂರೋ ಹೆಚ್ಚಾದರೂ ಅಂಥದನ್ನೇ ಹಿಡಿಯಬಹುದು. ಲಾಕರಿಗೆ ಹಾಕಲು ಒಂದು ಬೀಗ ಮನೆಯಿಂದಲೇ ಒಯ್ಯಿ. ಅಲ್ಲಿ ಅದಕ್ಕೂ ಕಾಸು ಕೇಳುತ್ತಾರೆ.

ಹಾಸ್ಟೆಲಿನ ದೊಡ್ಡ ಉಪಕಾರ ಮಂಚವಲ್ಲ, ಅಡುಗೆಮನೆ. ಹೋಟೆಲಿನಲ್ಲಿ ಕೂತು ತಿಂದರೆ ಒಂದು ಹೊತ್ತಿಗೆ 15 ಯೂರೋ ಕೈಬಿಡುತ್ತದೆ. ಆಲ್ಡಿ, ಲಿಡ್ಲ್‌ನಂಥ ಅಂಗಡಿಯಲ್ಲಿ ಅಕ್ಕಿ, ಮೊಸರು, ಬ್ರೆಡ್ಡು, ಹಣ್ಣು ಕೊಂಡರೆ ಅದೇ ಹಣದಲ್ಲಿ ಇಡೀ ದಿನ ಕಳೆಯುತ್ತದೆ. ಅಮ್ಮ ಕಳಿಸಿದ ಚಟ್ನಿಪುಡಿ, ಪುಳಿಯೋಗರೆ ಪುಡಿ ಇದ್ದರಂತೂ ಎಂಟು ಮಂಚದ ಕೋಣೆಯಲ್ಲಿ ಹೊಸ ಗೆಳೆತನಗಳೂ ಆಗುತ್ತವೆ. ಆದರೆ ಊರಿನಿಂದ ತುಪ್ಪ, ಪೇಢ ಕಳಿಸಬೇಡಿ. ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಸಿಕ್ಕಿದರೆ ಕಸದ ಡಬ್ಬಿಗೆ ಹೋಗುತ್ತದೆ. ಕ್ರಾಕೋವ್‌ನಲ್ಲಿ 'ಬಾರ್ ಮ್ಲೆಚ್ನಿ' ಎಂಬ ಬೋರ್ಡು ಕಂಡರೆ ಹೆಸರಿಗೆ ಹೆದರಬೇಕಿಲ್ಲ. ಅದು ಹಾಲಿನ ಬಾರು! ಕಮ್ಯುನಿಸ್ಟರ ಕಾಲದಲ್ಲಿ ಬೆಳೆದ, ಈಗಲೂ ಸರ್ಕಾರದ ಸಹಾಯಧನ ಪಡೆಯುವ ಅಗ್ಗದ ಊಟದ ಮನೆ. ಆಲೂಗೆಡ್ಡೆ-ಗಿಣ್ಣು ತುಂಬಿದ ಕಡುಬಿನಂಥ 'ಪಿಯೆರೋಗಿ' ಅಲ್ಲಿ ಸಿಗುತ್ತದೆ. ಸಸ್ಯಾಹಾರಿಗಳು ಮೇಲೆ ಹಂದಿಮಾಂಸದ ಚೂರು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರ ಸಂಜೆಯೇ ಕೊಂಡಿಡದವರಿಗೆ ಮರುದಿನ ರೈಲ್ವೆ ನಿಲ್ದಾಣದ ದುಬಾರಿ ಬನ್ನೇ ಗತಿ. ಕುಡಿಯುವ ನೀರಿಗಂತೂ ಖರ್ಚು ಬೇಡ, ನಲ್ಲಿ ನೀರು ಶುದ್ಧವಾಗಿರುತ್ತದೆ.

ನೋಡುವ ಜಾಗಗಳ ಬಾಬ್ತಿನಲ್ಲಿ ವಿದ್ಯಾರ್ಥಿಯಾಗಿರುವುದೇ ಒಂದು ಆಸ್ತಿ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ 2026ರ ಜನವರಿಯಿಂದ ಯೂರೋಪಿನಾಚೆಯಿಂದ ಬರುವ ವಯಸ್ಕರಿಗೆ 32 ಯೂರೋ ಹಾಕುತ್ತಿದೆ. ಅಲ್ಲಿ ವಾಸವಿರುವ 26 ವರ್ಷದೊಳಗಿನವರಿಗೆ ಅದೇ ಪುಕ್ಕಟೆ. ಜರ್ಮನಿಯ ವಾಸದ ಕಾರ್ಡು ತೋರಿಸಿದರೆ ಹಾಸನದ ಹುಡುಗನೂ ಒಳಗೆ. ಮ್ಯಾಡ್ರಿಡ್‌ನ ಪ್ರಾಡೋದಲ್ಲಿ ದಿನದ ಕೊನೆಯ ಎರಡು ಗಂಟೆ ಯಾರಿಗೂ ಟಿಕೆಟ್ಟಿಲ್ಲ. ನಮ್ಮ ದಾರಿಯಲ್ಲಿ ಕ್ರಾಕೋವ್‌ನಿಂದ ಹೋಗಿಬರಬಹುದಾದ ಆಷ್‌ವಿಟ್ಜ್ ಇದೆ. ಹಿಟ್ಲರನ ಕಾಲದ ಆ ಸಾವಿನ ಶಿಬಿರದ ಪ್ರವೇಶಕ್ಕೆ ದುಡ್ಡಿಲ್ಲ, ಮಾರ್ಗದರ್ಶಕರು ಬೇಕಿದ್ದರೆ ಮಾತ್ರ ಶುಲ್ಕ. ದಿನ, ವೇಳೆಯನ್ನು ಮುಂಚೆಯೇ ಕಾಯ್ದಿರಿಸಬೇಕು. ವಿಯೆನ್ನಾದ ಆಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಸಿಗುತ್ತದೆ, ಆದರೆ ಜುಲೈ, ಆಗಸ್ಟ್‌ನಲ್ಲಿ ಅದಕ್ಕೆ ರಜ. ಈ ಕಾರಣಕ್ಕೂ ಹಾಸ್ಟೆಲ್ ದರದ ಕಾರಣಕ್ಕೂ ಸೆಪ್ಟೆಂಬರ್ ಒಳ್ಳೆಯ ತಿಂಗಳು.

ಈಗ ಕೂಡಿಸೋಣ. ಪ್ರಯಾಣ 130, ಹಾಸ್ಟೆಲ್ 300, ಊಟಕ್ಕೆ ದಿನಕ್ಕೆ 15ರಂತೆ 225, ಊರೊಳಗಿನ ಟ್ರಾಮು ಬಸ್ಸಿಗೆ 50, ಪ್ರವೇಶ ಶುಲ್ಕಗಳಿಗೆ 100. ಒಟ್ಟು 805 ಯೂರೋ. ಇದಕ್ಕೆ 'ಮುಟ್ಟಬಾರದ ಹಣ' ಎಂದು ನೂರು ಸೇರಿಸಿದರೆ 905. ಅರವತ್ತೈದು ಗಂಟೆಯ ತಟ್ಟೆ ತೊಳೆದ ಕೂಲಿ ಇಲ್ಲಿಗೆ ಸರಿಹೋಯಿತು. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ತೊಂಬತ್ತು ಸಾವಿರ ದಾಟುತ್ತದೆ, ವಿನಿಮಯ ದರವೋ ನೂರರ ಮೇಲೇ ಇದೆ. ತಂದೆಗೆ ಇದು ದೊಡ್ಡ ಮೊತ್ತವಾಗಿ ಕಾಣುವುದು ಸಹಜ. ಆದರೆ ರಜಕ್ಕೆ ಊರಿಗೆ ಬಂದುಹೋಗುವ ವಿಮಾನದ ಟಿಕೆಟ್ಟು, ನೆಂಟರಿಷ್ಟರಿಗೆ ತರುವ ಚಾಕೊಲೇಟು ಇವನ್ನೂ ಒಮ್ಮೆ ಕೂಡಿಸಿ ನೋಡಿದರೆ ವ್ಯತ್ಯಾಸ ಅಷ್ಟೇನೂ ಉಳಿಯದು. ಇದೇ ಹದಿನೈದು ದಿನವನ್ನು ಪ್ಯಾರಿಸ್, ಜ್ಯೂರಿಕ್, ರೋಮ್ ಎಂದು ಕಳೆದರೆ ಮಾತ್ರ ಒಂದೂವರೆ ಸಾವಿರ ಯೂರೋ ಸಾಲದು.

ಆ ನೂರು ಯೂರೋ ಏತಕ್ಕೆ? ಟಿಕೆಟ್ ಇಲ್ಲದೆ, ಅಥವಾ ಯಂತ್ರದಲ್ಲಿ ಒತ್ತಿಸಿಕೊಳ್ಳಲು ಮರೆತು, ಜರ್ಮನಿಯಲ್ಲಿ ಸಿಕ್ಕಿಬಿದ್ದರೆ ದಂಡ 60 ಯೂರೋ. ಹೊಸಬ, ಗೊತ್ತಿರಲಿಲ್ಲ ಎಂಬ ಮಾತು ನಡೆಯದು. ಬಸ್ಸು ತಪ್ಪಬಹುದು, ಜೇಬುಗಳ್ಳರ ಕೈಚಳಕಕ್ಕೆ ಪರ್ಸು ಹೋಗಬಹುದು. ಎರಡು ಬ್ಯಾಂಕ್ ಕಾರ್ಡು ಇದ್ದರೆ ಒಂದು ಪರ್ಸಿನಲ್ಲಿ, ಇನ್ನೊಂದು ಚೀಲದ ತಳದಲ್ಲಿರಲಿ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಪೋಲೆಂಡ್, ಹಂಗೇರಿ, ಝೆಕ್ ದೇಶಗಳ ನಾಣ್ಯ ಯೂರೋ ಅಲ್ಲ. ಅಲ್ಲಿನ ಎಟಿಎಂ ಯಂತ್ರ "ನಿಮ್ಮ ಖಾತೆಯ ಹಣದಲ್ಲೇ ಲೆಕ್ಕ ಹಾಕಲೆ?" ಎಂದು ಬಹಳ ವಿನಯದಿಂದ ಕೇಳಿದರೆ ಬೇಡ ಎನ್ನಬೇಕು. ಯಂತ್ರದ ದರ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ತುಟ್ಟಿ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಈ ನಾಲ್ಕೂ ದೇಶಗಳಲ್ಲಿ ತುರ್ತು ಚಿಕಿತ್ಸೆಗೆ ನೆರವಾಗುತ್ತದೆ. ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್‌ಗಳಲ್ಲಿ ಭಾರತೀಯ ಪ್ರಜೆಗಳಿಗೆ ಅದು ಸಲ್ಲದು, ಅಲ್ಲಿಗೆ ಹೋಗುವವರು ಪ್ರತ್ಯೇಕ ಪ್ರವಾಸಿ ವಿಮೆ ಮಾಡಿಸಲೇಬೇಕು.

ಹುಡುಗರು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವ ರಾತ್ರಿ ಯಾವ ಊರು, ಯಾವ ಹಾಸ್ಟೆಲ್ ಎಂದು ಸೇರಿಸಿ ಮನೆಗೆ ಕಳಿಸಿದರೆ ಫೋನಿನ ಮಾತಿನ ಧಾಟಿಯೇ ಬದಲಾಗುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಕೂಡಿಸಿ, ಇನ್ನೊಮ್ಮೆ ಕೂಡಿಸಿ, "ಊಟಕ್ಕೆ ಹದಿನೈದು ಸಾಲುತ್ತೇನೋ?" ಎಂದು ಕೇಳುತ್ತಾರೆ. ಅಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿರುತ್ತದೆ.

"ಅನ್ನ ಮಾಡೋಕೆ ಪಾತ್ರೆ ಅವರೇ ಕೊಡ್ತಾರೇನೋ?"

"ಕೊಡ್ತಾರಮ್ಮ. ತೊಳೆದಿಡಬೇಕು ಅಷ್ಟೆ."