ಧ್ವನಿಸುರುಳಿಯಿಂದ ಲಿನಕ್ಸಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಮನೆಗಳಲ್ಲಿ, ಅಜ್ಜಿಯರು ಹಾಡಿದ ಸೋಬಾನೆ ಪದಗಳನ್ನೂ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳನ್ನೂ ಒಳಗೊಂಡ ಧ್ವನಿಸುರುಳಿಗಳು ಪೆಟ್ಟಿಗೆಗಳ ತಳದಲ್ಲಿ ಇಂದಿಗೂ ಉಳಿದಿರುವುದುಂಟು. ಆ ಕಾಂತಪಟ್ಟಿಯ ಆಯುಷ್ಯವಾದರೋ ಪರಿಮಿತವಾದುದು. ನಾಗಮಂಗಲ ತಾಲ್ಲೂಕಿನಲ್ಲಿ ಜನಿಸಿ, ಹಳ್ಳಿಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಎಚ್. ಎಲ್. ನಾಗೇಗೌಡರ ಕಾರ್ಯವನ್ನು ತಮ್ಮ ಮನೆಯ ಮಟ್ಟಿಗಾದರೂ ಮುಂದುವರಿಸಬಯಸುವವರಿಗೆ, ಉಚಿತವಾಗಿ ದೊರೆಯುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿದ ಹಳೆಯದೊಂದು ಗಣಕಯಂತ್ರವೇ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುವ ತಂತ್ರಾಂಶ ಬೇರೆ, ತಿದ್ದುವ ತಂತ್ರಾಂಶ ಬೇರೆ. ಪ್ಯಾರಿಸ್ಸಿನ ವಿದ್ಯಾರ್ಥಿಗಳಿಂದ ಆರಂಭವಾದ ವಿಎಲ್‌ಸಿ ಬಹುತೇಕ ಎಲ್ಲ ಬಗೆಯ ಕಡತಗಳನ್ನೂ ನುಡಿಸಬಲ್ಲುದು. ಆದರೆ ನೂರಾರು ಹಾಡುಗಳನ್ನು ಕ್ರಮವಾಗಿ ಜೋಡಿಸಿ, ಹಾಡಿದವರ ಹೆಸರನ್ನು ಕನ್ನಡದಲ್ಲಿಯೇ ಕಡತದೊಳಗೆ ಬರೆದಿಡಬೇಕೆನ್ನುವವರಿಗೆ ರಿದಮ್‌ಬಾಕ್ಸ್ ಅಥವಾ ಸ್ಟ್ರಾಬೆರಿ ಮೇಲು.

ತಿದ್ದುವ ಕಾರ್ಯಕ್ಕೆ, 2000ದಲ್ಲಿ ಮೊದಲು ಬಿಡುಗಡೆಯಾದ ಅಡಾಸಿಟಿಯೇ ಸಾಮಾನ್ಯರಿಗೆ ಸುಲಭವಾದುದು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ರಂಧ್ರದಿಂದ ಗಣಕದ ಲೈನ್-ಇನ್ ರಂಧ್ರಕ್ಕೆ ತಂತಿಯನ್ನು ಜೋಡಿಸಿ, ಧ್ವನಿಯು ಮಿತಿಮೀರಿ ಒಡೆಯದಂತೆ ಮಟ್ಟವನ್ನು ತಗ್ಗಿಸಿಕೊಂಡು ದಾಖಲಿಸಬೇಕು. ಬಳಿಕ, ಹಾಡು ಮೊದಲಾಗುವ ಮುನ್ನ ಕೇವಲ ಸುಯ್ಯೆನ್ನುವ ಸದ್ದಷ್ಟೇ ಇರುವ ಭಾಗವನ್ನು ತೋರಿಸಿಕೊಟ್ಟರೆ, ಅದೇ ಲಕ್ಷಣದ ಸದ್ದನ್ನು ಹಾಡಿನುದ್ದಕ್ಕೂ ಅಡಾಸಿಟಿಯು ತಗ್ಗಿಸುವುದು. ಇಲ್ಲಿ ಸಂಯಮವು ಅತ್ಯವಶ್ಯ: ಪಟ್ಟಿಯ ಸುಯ್ಯೆನ್ನುವಿಕೆಯೂ ಸಕಾರ ಶಕಾರಗಳ ಉಚ್ಚಾರವೂ ಒಂದೇ ಎತ್ತರದ ಕಂಪನಗಳಲ್ಲಿ ನೆಲಸಿರುವುದರಿಂದ, ಅತಿಯಾಗಿ ಶುದ್ಧೀಕರಿಸಿದರೆ ಅಜ್ಜಿಯ ಮಾತೇ ಮಸುಕಾಗುವುದು. ಸ್ವಲ್ಪ ಸದ್ದು ಉಳಿದರೆ ಉಳಿಯಲಿ.

ತಂಡವಾಗಿ ಹಾಡುವವರ ಧ್ವನಿಗಳನ್ನು ಬೇರೆಬೇರೆ ಮೈಕುಗಳಿಂದ ಏಕಕಾಲದಲ್ಲಿ ದಾಖಲಿಸಿ, ಮೂಲವನ್ನು ಮುಟ್ಟದೆ ಹದಗೊಳಿಸಬೇಕಾದವರಿಗೆ ಪಾಲ್ ಡೇವಿಸ್ ರಚಿಸಿದ ‘ಆರ್ಡರ್’ ಎಂಬ ತಂತ್ರಾಂಶವು ಸಮರ್ಥವಾದುದು. ಕಲಿಯಲು ತಾಳ್ಮೆ ಬೇಕು. ಒಂದೇ ಸುರುಳಿಯನ್ನು ಉಳಿಸಲು ಹೊರಟವರಿಗೆ ಅದರ ಅಗತ್ಯವಿಲ್ಲ.

ಸುರುಳಿಯೊಂದರ ಅರ್ಧಗಂಟೆಯ ಪಾರ್ಶ್ವವು, ಸಿ.ಡಿ. ಗುಣಮಟ್ಟದಲ್ಲಿ ದಾಖಲಾದಾಗ, ಸುಮಾರು 300 ಮೆಗಾಬೈಟಿನಷ್ಟಾಗುವುದು. ತಿದ್ದದ ಆ ಮೂಲವನ್ನು ಫ್ಲ್ಯಾಕ್ ರೂಪದಲ್ಲಿರಿಸಿದರೆ ಧ್ವನಿಯ ಒಂದಂಶವೂ ನಷ್ಟವಾಗದೆ ಗಾತ್ರವು ಹೆಚ್ಚುಕಡಮೆ ಅರ್ಧಕ್ಕಿಳಿಯುವುದು. ಮೊಬೈಲಿನಲ್ಲಿ ಕೇಳಲು ಎಂಪಿ3 ಪ್ರತಿಯೊಂದನ್ನು ಮಾಡಿಕೊಂಡರಾಯಿತು. ಮೂಲದ ಮತ್ತೊಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿರಿಸುವುದು ಕ್ಷೇಮ.